ದುಡಿಮೆ ನಿಂತ ಮರುದಿನದ ಜಮಾ-ಖರ್ಚು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಆದರೆ ಆ ಕುಡಿಕೆಯಲ್ಲಿ ಇರುವ ಹೊನ್ನೆಷ್ಟು, ಅದು ಎಷ್ಟು ದಿನಕ್ಕೆ ಬಂದೀತು ಎಂದು ಎಣಿಸಿ ನೋಡಿದವರು ವಿರಳ. ಮುಂಬಯಿಯಲ್ಲಿರುವ ನಮ್ಮವರು ಲೆಕ್ಕದಲ್ಲಿ ಹಿಂದುಳಿದವರೇನೂ ಅಲ್ಲ. ಗಲ್ಲೆಯ ಮೇಲೆ ಕುಳಿತವನು ದಿನದ ವ್ಯಾಪಾರವನ್ನು ಪೈಸೆ ತಪ್ಪದಂತೆ ತಾಳೆ ಹಾಕುತ್ತಾನೆ. ಅಡಿಗೆಯ ಭಟ್ಟರು ಇಂತಿಷ್ಟು ಅಕ್ಕಿಗೆ ಇಂತಿಷ್ಟು ಉದ್ದು, ಅದರಿಂದ ಇಂತಿಷ್ಟು ಇಡ್ಲಿ ಎಂದು ಕಣ್ಣಳತೆಯಲ್ಲಿಯೇ ಹೇಳಬಲ್ಲರು. ಕಚೇರಿಯ ಗುಮಾಸ್ತನು ಪರರ ಕೋಟಿ ರೂಪಾಯಿಗಳ ಪುಸ್ತಕವನ್ನು ವರ್ಷದ ಕೊನೆಗೆ ಸರಿದೂಗಿಸಿ ಕೊಡುತ್ತಾನೆ. ಇಷ್ಟೆಲ್ಲ ಬಲ್ಲವರು ತಮ್ಮ ಮುಪ್ಪಿನ ಲೆಕ್ಕವನ್ನು ಮಾತ್ರ, “ಕೊನೆಗೆ ಊರಿಗೆ ಹೋದರಾಯಿತು” ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಒಂದು ಮಾತನ್ನು ಬಿಡಿಸಿ, ಕಾಗದದ ಮೇಲೆ ಅಂಕಿಗಳಲ್ಲಿ ಬರೆದು ನೋಡುವುದೇ ಈ ಲೇಖನದ ಉದ್ದೇಶ.

ಕಣ್ಣಿಗೆ ಕಾಣದ ಸಂಬಳ

ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುವಿನ ಸಂಬಳದಲ್ಲಿ ಎರಡು ಭಾಗಗಳಿವೆ. ತಿಂಗಳ ಕೊನೆಗೆ ಕೈಗೆ ಬರುವುದು ಒಂದು. ಕೈಗೆ ಬಾರದೆ ಹೊಟ್ಟೆಗೂ ಬೆನ್ನಿಗೂ ಸಲ್ಲುವುದು ಇನ್ನೊಂದು. ಬೆಳಗಿನ ಚಹಾ, ಎರಡು ಹೊತ್ತಿನ ಊಟ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಚಾಪೆ ಹಾಸಲು ಒಂದಿಷ್ಟು ಸ್ಥಳ ಅಥವಾ ಧಣಿಗಳು ಕೊಟ್ಟ ಖೋಲಿಯಲ್ಲಿ ಒಂದು ಮೂಲೆ, ನೀರು, ದೀಪ — ಇವೆಲ್ಲ ಹೋಟೆಲಿನ ಖರ್ಚಿನಲ್ಲಿಯೇ ನಡೆದುಹೋಗುತ್ತವೆ. ಹದಿನೈದನೆಯ ವಯಸ್ಸಿನಲ್ಲಿ ಬಸ್ಸು ಹತ್ತಿ ಬಂದವನು ಐವತ್ತೆಂಟರವರೆಗೆ ತಾನು ಒಂದು ಸೇರು ಅಕ್ಕಿ ಕೊಳ್ಳದೆ, ಒಂದು ತಿಂಗಳ ವಿದ್ಯುತ್ತಿನ ಬಿಲ್ಲು ಕಟ್ಟದೆ ಜೀವನ ಸಾಗಿಸಿರಬಹುದು. ಇದರಿಂದ ಅವನು ಊರಿಗೆ ಹೆಚ್ಚು ಹಣ ಕಳುಹಿಸಲು ಸಾಧ್ಯವಾಯಿತು ನಿಜ. ಆದರೆ ಬದುಕಿನ ನಿಜವಾದ ಬೆಲೆ ಎಷ್ಟೆಂಬುದು ಅವನಿಗೆ ತಿಳಿಯದೆಯೇ ಹೋಯಿತು. ಹೋಟೆಲಿನ ಮೆಟ್ಟಿಲು ಇಳಿದ ಮರುದಿನ ಸಂಬಳ ನಿಲ್ಲುತ್ತದೆ. ಅದರೊಡನೆ ಅನ್ನವೂ ಸೂರೂ ನಿಲ್ಲುತ್ತವೆ. ಬರುವ ಹಣ ಕಡಿಮೆಯಾಗುವ ದಿನವೇ ಹೊಸ ಖರ್ಚುಗಳು ಹುಟ್ಟಿಕೊಳ್ಳುವುದು ಹೋಟೆಲಿನವನ ನಿವೃತ್ತಿಯ ವಿಶೇಷ.

ಗುಮಾಸ್ತನ ಸ್ಥಿತಿ ಸ್ವಲ್ಪ ಬೇರೆ. ಅವನು ಖೋಲಿಯ ಬಾಡಿಗೆ, ರೇಶನ್ನು, ಮಕ್ಕಳ ಶಾಲೆಯ ಶುಲ್ಕ, ಲೋಕಲ್ ಗಾಡಿಯ ಪಾಸು ಎಲ್ಲವನ್ನೂ ಬಲ್ಲವನು. ಆದರೆ ಅವನಲ್ಲಿಯೂ ಒಂದು ಭ್ರಮೆ ಇದೆ. ಪ್ರಾವಿಡೆಂಟ್ ಫಂಡಿನ ಹಣ ಒಟ್ಟಿಗೆ ಕೈಸೇರಿದ ದಿನ ಅದು ಅಪಾರವಾಗಿ ಕಾಣುತ್ತದೆ. ಮಗಳ ಮದುವೆಗೆ ಇಷ್ಟು, ಮಗನ ಖೋಲಿಯ ಮುಂಗಡಕ್ಕೆ ಇಷ್ಟು, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇಷ್ಟು ಎಂದು ಹಂಚಿ ಮುಗಿಯುವಷ್ಟರಲ್ಲಿ ಉಳಿದದ್ದು ಎರಡು ವರ್ಷದ ಅನ್ನಕ್ಕೂ ಸಾಲದೆ ಹೋಗುತ್ತದೆ. ಒಟ್ಟಿಗೆ ಬಂದ ಹಣವು ಸಂಪತ್ತಲ್ಲ. ಅದು ಮುಂದಿನ ಇಪ್ಪತ್ತು-ಇಪ್ಪತ್ತೈದು ವರ್ಷಗಳ ಸಂಬಳ, ಒಂದೇ ದಿನ ಕೈಗೆ ಬಂದದ್ದು.

ಊರೋ, ಉಪನಗರವೋ?

ಎಲ್ಲಿ ನೆಲಸಬೇಕೆಂಬುದು ಮೊದಲು ತೀರ್ಮಾನವಾಗಬೇಕಾದ ವಿಷಯ. ನಮ್ಮಲ್ಲಿ ಇದನ್ನು ಮನಸ್ಸು ತೀರ್ಮಾನಿಸುತ್ತದೆ. ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಒಂದು ಮಾದರಿಯನ್ನು ನೋಡೋಣ. ಇಲ್ಲಿಯ ಅಂಕಿಗಳು ಗಂಡ-ಹೆಂಡಿರಿಬ್ಬರ ಮಿತವಾದ ಸಂಸಾರಕ್ಕೆ ನಾನು ಹಾಕಿದ ಅಂದಾಜು ಮಾತ್ರ; ಪ್ರತಿಯೊಬ್ಬರೂ ಇವುಗಳನ್ನು ಅಳಿಸಿ ತಮ್ಮ ತಮ್ಮ ಅಂಕಿಗಳನ್ನು ಬರೆದುಕೊಳ್ಳಬೇಕು.

ನಾಲಾಸೋಪಾರಾ, ಬದ್ಲಾಪುರದಂಥ ದೂರದ ಉಪನಗರದಲ್ಲಿ ಬಾಡಿಗೆಯ ಖೋಲಿಯಾದರೆ, ತಿಂಗಳಿಗೆ:

ಬಾಡಿಗೆ — 8,000 ರೂ.
ದಿನಸಿ, ಹಾಲು, ತರಕಾರಿ, ಮೀನು — 8,000 ರೂ.
ವಿದ್ಯುತ್ತು, ಅಡಿಗೆ ಅನಿಲ — 1,800 ರೂ.
ಔಷಧ, ವೈದ್ಯರು — 2,500 ರೂ.
ಪ್ರಯಾಣ, ಫೋನು — 1,000 ರೂ.
ಹಬ್ಬ, ಉಡುಗೊರೆ, ಸಂಘದ ಚಂದಾ — 1,500 ರೂ.
ಬಟ್ಟೆಬರೆ, ದುರಸ್ತಿ, ಆಪದ್ಧನ — 1,500 ರೂ.
ಒಟ್ಟು — 24,300 ರೂ.

ಅಲ್ಲಿಯೇ ಸ್ವಂತದ ಖೋಲಿಯಿದ್ದರೆ ಬಾಡಿಗೆ ಉಳಿಯುತ್ತದೆ. ಸೊಸಾಯಿಟಿಯ ಮಾಸಿಕ ವಂತಿಗೆಯೆಂದು 1,500 ರೂಪಾಯಿ ಸೇರಿಸಿದರೆ ಒಟ್ಟು 17,800 ಆಗುತ್ತದೆ.

ಇನ್ನು ಊರಿನ ಲೆಕ್ಕ. ಉಡುಪಿಯ ಕಡೆಯ ಒಂದು ಹಳ್ಳಿ, ಹಿರಿಯರ ಮನೆ, ಬಾಡಿಗೆಯಿಲ್ಲ ಎಂದಿಟ್ಟುಕೊಳ್ಳೋಣ:

ಮನೆಯ ದುರಸ್ತಿ, ಹಂಚು, ಸುಣ್ಣಬಣ್ಣ, ಅಂಗಳದ ಕೆಲಸದಾಳು — 2,000 ರೂ.
ಆಹಾರ — 7,000 ರೂ.
ವಿದ್ಯುತ್ತು, ಅನಿಲ — 1,300 ರೂ.
ಔಷಧ, ವೈದ್ಯರು — 2,500 ರೂ.
ಬಸ್ಸು, ರಿಕ್ಷಾ, ಫೋನು — 2,000 ರೂ.
ಮದುವೆ, ಉಪನಯನ, ನೇಮ, ಬ್ರಹ್ಮಕಲಶದ ವಂತಿಗೆ — 3,000 ರೂ.
ಮನೆ ತೆರಿಗೆ, ಬಟ್ಟೆಬರೆ, ಆಪದ್ಧನ — 1,200 ರೂ.
ಒಟ್ಟು — 19,000 ರೂ.

ಈ ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮುಂಬಯಿಯ ಬಾಡಿಗೆ ಖೋಲಿಗಿಂತ ಊರಿನಲ್ಲಿ ಉಳಿಯುವುದು ತಿಂಗಳಿಗೆ 5,300 ರೂಪಾಯಿ. ಸ್ವಂತ ಖೋಲಿಯಿದ್ದವನಿಗೆ ಊರೇ 1,200 ರೂಪಾಯಿ ಹೆಚ್ಚು ಬೀಳುತ್ತದೆ. ಊರಿನಲ್ಲಿ ಅಕ್ಕಿ, ತೆಂಗಿನಕಾಯಿ ಮನೆಯದೇ ಎಂಬ ಕಾಲ ಗದ್ದೆ ಮಾಡುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಕಳೆದುಹೋಗಿದೆ. ಮೇಲಾಗಿ, “ಬೊಂಬಾಯಿಯಿಂದ ಬಂದವರು” ಎಂಬ ಬಿರುದು ಹೊತ್ತವರಿಗೆ ರಶೀದಿ ಪುಸ್ತಕ ಹಿಡಿದು ಬರುವವರ ಸಂಖ್ಯೆಯೇನೂ ಕಡಿಮೆಯಲ್ಲ. ದುಡಿಯುವ ಕಾಲದಲ್ಲಿ ಬರೆಸಿದ ಮೊತ್ತವನ್ನೇ ದುಡಿಮೆ ನಿಂತ ಮೇಲೆಯೂ ಬರೆಸಬೇಕೆಂಬ ಹಟ ಅನೇಕರನ್ನು ಸಾಲಕ್ಕೆ ಎಳೆದಿದೆ. ವಂತಿಗೆಯನ್ನು ಅರ್ಧಕ್ಕಿಳಿಸಿದರೆ ದೈವವೂ ಮುನಿಯದು, ಮರ್ಯಾದೆಯೂ ಹೋಗದು.

ಪಟ್ಟಿಯಲ್ಲಿ ಕಾಣದ ಇನ್ನೊಂದು ಪ್ರಶ್ನೆಯಿದೆ. ಮೂವತ್ತು ವರ್ಷ ಹಣ ಕಳುಹಿಸಿ ಕಟ್ಟಿಸಿದ ಮನೆಯ ಪಹಣಿ ಯಾರ ಹೆಸರಿನಲ್ಲಿದೆ? ತಾಯಿಯ ಹೆಸರಿನಲ್ಲಿಯೋ, ಅಣ್ಣನ ಹೆಸರಿನಲ್ಲಿಯೋ, ಪಾಲಾಗದ ಕುಟುಂಬದ ಹೆಸರಿನಲ್ಲಿಯೋ? ಹಿರಿಯರು ಇರುವವರೆಗೆ ಈ ಪ್ರಶ್ನೆಯನ್ನು ಎತ್ತುವುದು ಅವಿನಯವೆಂದು ಸುಮ್ಮನಿದ್ದವನು, ಗಂಟುಮೂಟೆ ಕಟ್ಟಿಕೊಂಡು ಬಂದಾಗ ತಾನು ಕಟ್ಟಿಸಿದ ಮನೆಗೆ ತಾನೇ ನೆಂಟನಾದ ಕತೆಗಳನ್ನು ವಾಚಕರೂ ಕೇಳಿರಬಹುದು. ಅಣ್ಣ-ತಮ್ಮಂದಿರಲ್ಲಿ, ಅಕ್ಕ-ತಂಗಿಯರಲ್ಲಿ ಪ್ರೀತಿಯಿರುವಾಗಲೇ ಕೂತು ಮಾತಾಡಿ, ಕಾಗದ ಮಾಡಿಕೊಳ್ಳುವುದು ಪ್ರೀತಿಗೆ ವಿರೋಧವಲ್ಲ, ಅದರ ರಕ್ಷಣೆ.

ಬರತಕ್ಕ ಹಣ

ಖರ್ಚಿನ ಪಕ್ಕ ಬರೆದಾಯಿತು; ಜಮೆಯ ಪಕ್ಕವನ್ನು ನೋಡೋಣ. 20 ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಹೋಟೆಲು, ಕಚೇರಿಗಳಿಗೆ ಪ್ರಾವಿಡೆಂಟ್ ಫಂಡು ಅನ್ವಯಿಸುತ್ತದೆ. ನೌಕರನ ಸಂಬಳದಿಂದ ನೂರಕ್ಕೆ 12, ಧಣಿಗಳಿಂದ ಅಷ್ಟೇ. ಧಣಿಗಳು ಕಟ್ಟುವುದರಲ್ಲಿ 8.33 ಭಾಗವು 1995ರಲ್ಲಿ ಆರಂಭವಾದ ಪಿಂಚಣಿ ಯೋಜನೆಗೆ ಹೋಗುತ್ತದೆ. 10 ವರ್ಷದ ಸೇವೆ ತುಂಬಿದವನಿಗೆ 58ರಿಂದ ಪಿಂಚಣಿಯ ಹಕ್ಕುಂಟು. ಅದನ್ನು ಎಣಿಸುವ ಸೂತ್ರ ಸರಳವಾದುದು: ಪಿಂಚಣಿಗೆ ಒಪ್ಪುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಸಂಬಳದ ಮಿತಿಯನ್ನು 2014ರ ಸೆಪ್ಟೆಂಬರಿನಲ್ಲಿ 6,500ರಿಂದ 15,000 ರೂಪಾಯಿಗೆ ಏರಿಸಲಾಯಿತು. ಅದಕ್ಕೆ ಹಿಂದಿನ ಸೇವೆಯನ್ನು ಹಳೆಯ ಮಿತಿಯಲ್ಲಿಯೇ ಎಣಿಸುತ್ತಾರೆ. 15,000ದ ಮೇಲೆ 14 ವರ್ಷದ ಸೇವೆಗೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಗಂಡ ತೀರಿಕೊಂಡರೆ ಹೆಂಡತಿಗೆ ಸಾಮಾನ್ಯವಾಗಿ ಅದರ ಅರ್ಧ. ಪಿಂಚಣಿಯೊಂದರಿಂದಲೇ ಸಂಸಾರ ನಡೆಯದೆಂಬುದು ಇದರಿಂದ ಸ್ಪಷ್ಟ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪೊಂದಿದೆ. ಒಂದು ಹೋಟೆಲು ಬಿಟ್ಟು ಇನ್ನೊಂದಕ್ಕೆ ಸೇರುವಾಗ ಫಂಡಿನ ಹಣವನ್ನು ಬಿಡಿಸಿಕೊಂಡು ಊರಿಗೆ ಹೋಗಿ ಖರ್ಚು ಮಾಡಿ ಬರುವುದು. ಪಿಂಚಣಿಯ ಪಾಲನ್ನೂ ಹೀಗೆ ಬಿಡಿಸಿಕೊಂಡರೆ ಅದುವರೆಗಿನ ಸೇವೆಯ ಎಣಿಕೆ ಅಳಿಸಿಹೋಗುತ್ತದೆ. ಹತ್ತು ವರ್ಷ ಮತ್ತೆ ಒಂದರಿಂದ ಆರಂಭ. 2014ರಿಂದ ಪ್ರತಿಯೊಬ್ಬ ಚಂದಾದಾರನಿಗೂ ಯು.ಎ.ಎನ್. ಎಂಬ 12 ಅಂಕಿಯ ಒಂದೇ ಸಂಖ್ಯೆ ಇದೆ. ಧಣಿಗಳು ಬದಲಾದರೂ ಸಂಖ್ಯೆ ಬದಲಾಗದು. ಅದನ್ನು ಹೊಸ ಹೋಟೆಲಿನಲ್ಲಿ ಮೊದಲ ದಿನವೇ ಬರೆಸಬೇಕು. ಹಳೆಯ ಖಾತೆಯನ್ನು ಹೊಸದಕ್ಕೆ ಸೇರಿಸಬೇಕು. ತನ್ನ ಹೆಸರು, ಜನ್ಮದಿನ, ನಾಮಿನಿಯ ಹೆಸರು ಆಧಾರಿನಲ್ಲಿದ್ದಂತೆಯೇ ಇವೆಯೇ ಎಂದು ಇಂದೇ ನೋಡಿಕೊಳ್ಳಬೇಕು. “ಶೆಟ್ಟಿ” ಒಂದು ಕಡೆ, “ಪೂಜಾರಿ” ಇನ್ನೊಂದು ಕಡೆ, ಊರಿನ ಹೆಸರು ಮಗದೊಂದು ಕಡೆ ಹೆಸರಿಗೆ ಅಂಟಿಕೊಂಡು ಬರುವ ನಮ್ಮವರಿಗೆ ಈ ಎಚ್ಚರಿಕೆ ಉಳಿದವರಿಗಿಂತ ಹೆಚ್ಚು ಬೇಕು.

ಗ್ರಾಚ್ಯುಯಿಟಿಯು 1972ರ ಕಾಯಿದೆಯಿಂದ ದೊರೆತ ಹಕ್ಕು. ಒಂದೇ ಕಡೆ ಐದು ವರ್ಷ ದುಡಿದವನಿಗೆ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ. ತಿಂಗಳಿಗೆ 26 ದಿನವೆಂದು ಎಣಿಕೆ. ಕೊನೆಯ ಸಂಬಳ 18,000, ಸೇವೆ 26 ವರ್ಷ ಎಂದಾದರೆ ಬರತಕ್ಕದ್ದು 2,70,000 ರೂಪಾಯಿ. ಅದೇ 26 ವರ್ಷಗಳನ್ನು ಆರು ಹೋಟೆಲುಗಳಲ್ಲಿ ನಾಲ್ಕು ನಾಲ್ಕೂವರೆ ವರ್ಷದಂತೆ ಕಳೆದವನಿಗೆ ಈ ಲೆಕ್ಕದಲ್ಲಿ ಒಂದು ಕಾಸೂ ಬಾರದು. ಐನೂರು ರೂಪಾಯಿ ಹೆಚ್ಚು ಕೊಡುತ್ತಾರೆಂದು ಹೋಟೆಲು ಬದಲಿಸುವ ತರುಣರು ಈ ಅಂಕಿಯನ್ನು ಒಮ್ಮೆ ನೋಡಿಕೊಳ್ಳಲಿ. ಮಳೆಗಾಲಕ್ಕೆ ಊರಿಗೆ ಹೋಗಿ ಬಂದವನನ್ನು ಹೊಸ ಆಳೆಂದು ಪುಸ್ತಕದಲ್ಲಿ ಬರೆದುಕೊಂಡರೆ, ಅಲ್ಲಿಯೂ ಇದೇ ನಷ್ಟ. ರಜೆಯನ್ನು ರಜೆಯೆಂದೇ ಬರೆಸಿಕೊಂಡು ಹೋಗಬೇಕು.

ನಾಲ್ಕಾರು ಜನರೇ ದುಡಿಯುವ ಚಿಕ್ಕ ಹೋಟೆಲಿನ ಮಾಣಿಗೆ ಇವೆರಡೂ ಇಲ್ಲ. ಅವನಿಗಾಗಿ ಬೇರೆ ದಾರಿಗಳಿವೆ. 2015ರ ಅಟಲ್ ಪಿಂಚಣಿ ಯೋಜನೆಯಲ್ಲಿ 18ರಿಂದ 40 ವರ್ಷದೊಳಗಿನವರು ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರಿನಿಂದ ಪ್ರವೇಶವಿಲ್ಲ. 60ರ ನಂತರ ತಿಂಗಳಿಗೆ 5,000 ರೂಪಾಯಿ ಬರಬೇಕಾದರೆ 18ರಲ್ಲಿ ಸೇರಿದವನು ತಿಂಗಳಿಗೆ 210, 30ರಲ್ಲಿ ಸೇರಿದವನು 577, 40ರಲ್ಲಿ ಸೇರಿದವನು 1,454 ರೂಪಾಯಿ ಕಟ್ಟಬೇಕು. ತಡಮಾಡುವುದರ ದಂಡ ಎಷ್ಟೆಂಬುದನ್ನು ಈ ಮೂರು ಅಂಕಿಗಳಿಗಿಂತ ಚೆನ್ನಾಗಿ ಯಾವ ಉಪದೇಶವೂ ಹೇಳಲಾರದು.

ಕೊರತೆ ಎಷ್ಟು?

ನಮ್ಮ ಮಾದರಿಯ ಮನುಷ್ಯನಿಗೆ ಫಂಡು, ಗ್ರಾಚ್ಯುಯಿಟಿ, ಕೈಯ ಉಳಿತಾಯ ಎಲ್ಲ ಸೇರಿ 12 ಲಕ್ಷ ರೂಪಾಯಿ ಬಂದಿತೆನ್ನೋಣ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಿಂದ ಇದೆ. 60 ತುಂಬಿದವರು ಇದರಲ್ಲಿ ಹಣವಿಡಬಹುದು. 55 ತುಂಬಿ ನಿವೃತ್ತರಾದವರು ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಇಡಬಹುದು. 2023ರ ಏಪ್ರಿಲಿನಲ್ಲಿ ಇದರ ಗರಿಷ್ಠ ಮಿತಿಯನ್ನು 30 ಲಕ್ಷಕ್ಕೂ ಬಡ್ಡಿಯನ್ನು ನೂರಕ್ಕೆ 8.2ಕ್ಕೂ ಏರಿಸಲಾಯಿತು. ಸರಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪ್ರಕಟಿಸುತ್ತದೆ; ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗದು. 8.2ರ ದರದಲ್ಲಿ 12 ಲಕ್ಷಕ್ಕೆ ವರ್ಷಕ್ಕೆ 98,400, ಅಂದರೆ ತಿಂಗಳಿಗೆ 8,200 ರೂಪಾಯಿ. ಪಿಂಚಣಿಯ 3,000 ಸೇರಿಸಿದರೆ 11,200. ಊರಿನ ಖರ್ಚು 19,000. ಕೊರತೆ ತಿಂಗಳಿಗೆ 7,800 ರೂಪಾಯಿ.

ಈ ಕೊರತೆಯನ್ನು ಬಡ್ಡಿಯಿಂದಲೇ ತುಂಬಬೇಕಾದರೆ ಇನ್ನೂ ಸುಮಾರು 11 ಲಕ್ಷ 40 ಸಾವಿರ ರೂಪಾಯಿ ಬೇಕು. ಅಂಕಿ ಕೇಳಿ ಎದೆಗುಂದಬೇಕಿಲ್ಲ. ನೂರಕ್ಕೆ 8ರಂತೆ ಬಡ್ಡಿ ಬೆಳೆಯುತ್ತ ಹೋಗುವುದಾದರೆ, 40ನೆಯ ವಯಸ್ಸಿನಲ್ಲಿ ಆರಂಭಿಸಿದವನು ತಿಂಗಳಿಗೆ ಸುಮಾರು 2,400 ರೂಪಾಯಿ ಕೂಡಿಟ್ಟು 58ಕ್ಕೆ ಇದನ್ನು ಮುಟ್ಟಬಲ್ಲನು. 50ರಲ್ಲಿ ಕಣ್ಣು ತೆರೆದವನಿಗೆ ಇದೇ ಮೊತ್ತಕ್ಕೆ ತಿಂಗಳಿಗೆ ಸುಮಾರು 8,500 ಬೇಕು. ಮೊದಲಿನವನಿಗೆ ಸಾಧ್ಯವಾದದ್ದು ಎರಡನೆಯವನಿಗೆ ಹೆಚ್ಚುಕಡಿಮೆ ಅಸಾಧ್ಯ.

ಬೆಲೆ ಏರಿಕೆಯನ್ನೂ ಮರೆಯುವಂತಿಲ್ಲ. ವರ್ಷಕ್ಕೆ ನೂರಕ್ಕೆ 6ರಂತೆ ಬೆಲೆಗಳು ಏರಿದರೆ ಇಂದಿನ 19,000ದ ಖರ್ಚು 12 ವರ್ಷಗಳಲ್ಲಿ 38,000 ಆಗುತ್ತದೆ. ಬಡ್ಡಿ ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಆದ್ದರಿಂದ ಬಂದ ಬಡ್ಡಿಯನ್ನೆಲ್ಲ ಮೊದಲ ವರ್ಷದಿಂದಲೇ ಉಣ್ಣತಕ್ಕದ್ದಲ್ಲ. ಮೈಯಲ್ಲಿ ಕಸುವಿರುವ ಮೊದಲ ಐದಾರು ವರ್ಷ ಅರ್ಧ ದಿನದ ಕೆಲಸವೊಂದನ್ನು ಇಟ್ಟುಕೊಂಡು, ಬಡ್ಡಿಯ ಒಂದು ಪಾಲನ್ನು ಮರಳಿ ಗಂಟಿಗೆ ಸೇರಿಸುವವನು ಎಪ್ಪತ್ತರ ನಂತರ ನೆಮ್ಮದಿಯಾಗಿರುತ್ತಾನೆ. ಗಲ್ಲೆಯಲ್ಲಿ ಕುಳಿತು ಬಲ್ಲವನಿಗೆ, ಅಡಿಗೆ ಬಲ್ಲವನಿಗೆ, ಲೆಕ್ಕ ಬಲ್ಲವನಿಗೆ ಊರಿನ ಪೇಟೆಯಲ್ಲಿಯೂ ಅಂಥ ಕೆಲಸ ದೊರೆಯದಿರದು. ಉಪನಗರದಲ್ಲಿ ಸ್ವಂತ ಖೋಲಿಯಿದ್ದವನು ಅದನ್ನು ಬಾಡಿಗೆಗೆ ಕೊಟ್ಟು ಊರಿನಲ್ಲಿದ್ದರೆ ಕೊರತೆಯ ಬಹುಭಾಗ ತುಂಬಿಬರುತ್ತದೆ. ಆ ಖೋಲಿಯನ್ನು ಮಾತ್ರ ಅವಸರದಲ್ಲಿ ಮಕ್ಕಳ ಹೆಸರಿಗೆ ಬರೆದುಕೊಡಬಾರದು. ಕೊಡಲೇಬೇಕಾದರೆ, ತಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಅಂಥ ಷರತ್ತನ್ನು ಮುರಿದಾಗ ದಾನಪತ್ರವನ್ನು ರದ್ದುಮಾಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ.

ರೋಗದ ಕಲಂ

ಯಾವ ಲೆಕ್ಕವನ್ನೂ ಒಂದೇ ರಾತ್ರಿಯಲ್ಲಿ ಬುಡಮೇಲು ಮಾಡುವುದು ರೋಗ. 2024ರ ಅಕ್ಟೋಬರಿನಿಂದ 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆ ಒದಗಿದೆ. ಆದರೆ 58ರಿಂದ 70ರವರೆಗಿನ ಹನ್ನೆರಡು ವರ್ಷಗಳ ಗತಿಯೇನು?

ಇಲ್ಲಿ ನಮ್ಮವರಲ್ಲಿ ಅನೇಕರಿಗೆ ತಿಳಿಯದ ಒಂದು ಅನುಕೂಲವಿದೆ. ಇ.ಎಸ್.ಐ. ಚಂದಾ ಕಟ್ಟುತ್ತಿದ್ದ ನೌಕರನು, ಕನಿಷ್ಠ ಐದು ವರ್ಷ ಆ ವಿಮೆಯಲ್ಲಿದ್ದು ವಯೋಮಿತಿಯಿಂದ ನಿವೃತ್ತನಾದರೆ, ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿ ತನಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಊರಿಗೆ ಹೋಗುವವರಿಗೆ ಮಂಗಳೂರಿನಲ್ಲಿಯೂ ಇ.ಎಸ್.ಐ. ಆಸ್ಪತ್ರೆಯಿದೆ. ಇದಕ್ಕೆ ಬೇಕಾದದ್ದು ತನ್ನ ವಿಮಾ ಸಂಖ್ಯೆ ಮತ್ತು ನಿವೃತ್ತಿಯ ಬಗ್ಗೆ ಧಣಿಗಳ ಪ್ರಮಾಣಪತ್ರ. ಬೀಳ್ಕೊಡುವ ದಿನ ಶಾಲು, ಫಲಪುಷ್ಪಗಳನ್ನು ಸ್ವೀಕರಿಸುವ ಮೊದಲು ಈ ಒಂದು ಕಾಗದವನ್ನು ಕೇಳಿ ಪಡೆಯತಕ್ಕದ್ದು. ಹೋಟೆಲು ಮುಚ್ಚಿಹೋದ ಮೇಲೆ, ಅಥವಾ ಧಣಿಗಳು ಬದಲಾದ ಮೇಲೆ, ಅದಕ್ಕಾಗಿ ಅಲೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಹಿರಿಯರ ಬಡಾವಣೆಗಳು

ದುಡಿಮೆಯಿಂದ ಬಿಡುವು ಪಡೆದವರಿಗಾಗಿಯೇ ಬಡಾವಣೆ ಕಟ್ಟುವ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಅರಿಜೋನಾ ಪ್ರಾಂತದ ಫೀನಿಕ್ಸ್ ನಗರದ ಬಳಿ, ಡೆಲ್ ವೆಬ್ ಎಂಬ ಕಟ್ಟಡ ಉದ್ಯಮಿ 1960ರ ಜನವರಿ 1ರಂದು ಸನ್ ಸಿಟಿಯನ್ನು ತೆರೆದನು. ಮನೆಯೊಡನೆ ಆಟದ ಬಯಲು, ಈಜುಕೊಳ, ಕೈಕೆಲಸದ ಕೋಣೆ, ಅಂಗಡಿಸಾಲು — ಹಿರಿಯರು ಸುಮ್ಮನೆ ಕೂರದೆ ಚಟುವಟಿಕೆಯಿಂದಿರಬೇಕೆಂಬುದು ಅದರ ಆಕರ್ಷಣೆ. ನಮ್ಮ ದೇಶದಲ್ಲಿಯೂ ಪುಣೆ, ಕೊಯಮತ್ತೂರು, ಬೆಂಗಳೂರುಗಳ ಸುತ್ತ ಇಂಥವು ಎದ್ದಿವೆ. ಮುಂಬಯಿಗೆ ಹತ್ತಿರದ ನೇರಳದಲ್ಲಿ ಡಿಗ್ನಿಟಿ ಫೌಂಡೇಶನ್ ಹಿರಿಯರಿಗಾಗಿ ವಸತಿಯೊಂದನ್ನು ಕಟ್ಟಿತು. ಕೇಂದ್ರ ಸರಕಾರ 2019ರಲ್ಲಿ ಇಂಥ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಹಾರಾಷ್ಟ್ರದ ಸ್ಥಿರಾಸ್ತಿ ಪ್ರಾಧಿಕಾರವೂ 2024ರಲ್ಲಿ ಜಾರದ ನೆಲ, ಹಿಡಿಕೆ, ಗಾಲಿಕುರ್ಚಿ ಹೋಗುವ ಲಿಫ್ಟು ಮುಂತಾದ ನಿಯಮಗಳನ್ನು ಪ್ರಕಟಿಸಿತು.

ಇವುಗಳ ಬೆಲೆ ನಮ್ಮ ಬಹುಪಾಲು ವಾಚಕರ ಕೈಗೆ ಎಟುಕುವಂಥದಲ್ಲ. ಆದರೂ ಅವುಗಳಿಂದ ಕಲಿಯಬೇಕಾದ ಪಾಠವೊಂದಿದೆ. ಸನ್ ಸಿಟಿಯಲ್ಲಿ ಮನೆ ಕೊಂಡವನು, ಆಟ-ವಿನೋದಗಳ ವಂತಿಗೆಯನ್ನು ಪ್ರತಿ ವರ್ಷ ಕಟ್ಟುತ್ತಲೇ ಇರಬೇಕು. ಕೊಂಡ ಬೆಲೆ ಒಮ್ಮೆ ಮುಗಿಯುತ್ತದೆ. ಇರುವ ಬೆಲೆ ಇರುವವರೆಗೂ ಮುಗಿಯದು. ಇಂಥ ಕಡೆ ಸೇರಬಯಸುವ ಅನುಕೂಲಸ್ಥ ಗುಮಾಸ್ತರು ಕೇಳಬೇಕಾದ ಪ್ರಶ್ನೆಗಳು ಇವು: ಠೇವಣಿ ಮರಳಿ ಬರುತ್ತದೆಯೇ? ತಿಂಗಳ ವಂತಿಗೆ ವರ್ಷಕ್ಕೆ ಎಷ್ಟು ಏರುತ್ತದೆ? ಊಟ ಅದರಲ್ಲಿ ಸೇರಿದೆಯೇ? ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರು ಕಟ್ಟಬೇಕಾದದ್ದು ಎಷ್ಟು? ಹಾಸಿಗೆ ಹಿಡಿದರೆ ನೋಡಿಕೊಳ್ಳುವವರಾರು? ಊರಿನ ಮನೆಗೆ ಹೋಗುವವನೂ ಕೊನೆಯ ಎರಡು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುವುದು ಒಳ್ಳೆಯದು.

ಸಂಗಾತದ ಬೆಲೆ

ಹೋಟೆಲು ಬಿಡುವವನು ಕಳೆದುಕೊಳ್ಳುವ ಮೂರನೆಯ ವಸ್ತುವೊಂದಿದೆ. ಅದನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಅದು ಸಂಗಾತ. ನಲವತ್ತು ವರ್ಷ ಹತ್ತಾರು ಜನರ ನಡುವೆ ಉಂಡು, ಮಲಗಿ, ಜಗಳಾಡಿ, ನಕ್ಕು ಬಾಳಿದವನು ಊರಿನ ದೊಡ್ಡ ಮನೆಯಲ್ಲಿ ಏಕಾಕಿಯಾಗುತ್ತಾನೆ. ವರ್ಷಕ್ಕೊಂದು ತಿಂಗಳ ಅತಿಥಿಯಾಗಿದ್ದ ಗಂಡನೊಡನೆ ದಿನವಿಡೀ ಸಂಸಾರ ಮಾಡುವುದು ಹೆಂಡತಿಗೂ ಹೊಸತೇ. ಮನೆಯ ಹಣಕಾಸನ್ನು ಅಷ್ಟು ವರ್ಷ ನಡೆಸಿಕೊಂಡು ಬಂದವಳು ಅವಳು. ನಿವೃತ್ತಿಯ ಲೆಕ್ಕವನ್ನು ಅವಳನ್ನು ಕೂರಿಸಿಕೊಳ್ಳದೆ ಬರೆದರೆ ಅದು ಅರ್ಧ ಲೆಕ್ಕ.

ಸಂಗಾತಕ್ಕಾಗಿ ಸಂಸ್ಥೆ ಕಟ್ಟುವುದರಲ್ಲಿ ಮುಂಬಯಿ ಕನ್ನಡಿಗರು ಯಾರಿಗೂ ಕಡಿಮೆಯವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದು. ಬಂಟರ ಸಂಘ 1927ರದು. ಬಿಲ್ಲವರ ಅಸೋಸಿಯೇಶನ್ 1932ರದು. ಮಾಹಿಮಿನ ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ನಡೆಸಿದರು. ಬಟ್ಟಲು ತೊಳೆದ ಕೈಗಳು ಲೇಖನಿ ಹಿಡಿದದ್ದು ಅಲ್ಲಿಯೇ. ಬದುಕಿನ ಆರಂಭಕ್ಕೆ ಶಾಲೆ ಕಟ್ಟಿದ ಸಮಾಜವು ಬದುಕಿನ ಸಂಜೆಗೆ ಒಂದು ಏರ್ಪಾಡು ಮಾಡಲಾರದೆ?

ಒಂದು ಸೂಚನೆಯನ್ನು ವಾಚಕರ ಮುಂದೆ ಇಡುತ್ತೇನೆ. ಒಂದೇ ಊರಿನ, ಅಥವಾ ಒಂದೇ ಹೋಟೆಲಿನಲ್ಲಿ ದುಡಿದ ಆರೆಂಟು ದಂಪತಿಗಳು, ಉಪನಗರದಲ್ಲಿಯೋ ಕುಂದಾಪುರ, ಕಾರ್ಕಳದಂಥ ಪೇಟೆಯಲ್ಲಿಯೋ ಹತ್ತಿರ ಹತ್ತಿರದ ಮನೆಗಳನ್ನು ಹಿಡಿದು, ಅಡಿಗೆಯನ್ನು ಮಾತ್ರ ಒಟ್ಟಿಗೆ ಮಾಡಿಕೊಂಡರೆ ಹೇಗೆ? ಐವತ್ತು ಜನರ ಅಡಿಗೆಯನ್ನು ನಿದ್ದೆಗಣ್ಣಿನಲ್ಲಿಯೂ ಮಾಡಬಲ್ಲ ಭಟ್ಟರು ನಮ್ಮಲ್ಲಿಯೇ ಇದ್ದಾರೆ. ಸಗಟು ಮಾರುಕಟ್ಟೆಯನ್ನು ಬಲ್ಲವರೂ ಲೆಕ್ಕ ಇಡಬಲ್ಲವರೂ ನಮ್ಮಲ್ಲಿಯೇ ಇದ್ದಾರೆ. ಎಂಟು ಒಲೆಗಳ ಬದಲು ಒಂದು ಒಲೆ ಉರಿದರೆ ಅನಿಲ, ದಿನಸಿ, ಕೆಲಸದಾಳು ಮೂರರಲ್ಲಿಯೂ ಉಳಿತಾಯ. ಒಬ್ಬರಿಗೆ ಜ್ವರ ಬಂದರೆ ಗಂಜಿ ಕೊಡಲು ಏಳು ಮನೆಗಳು. ಸಂಜೆ ಭಜನೆಗೆ, ತಾಳಮದ್ದಳೆಗೆ ಕರೆದರೆ ಬರಲು ಜನ. ಶ್ರೀಮಂತರು ಬಡಾವಣೆ ಕಟ್ಟಿ ಹಣ ಕೊಟ್ಟು ಕೊಳ್ಳುವುದನ್ನು ನಾವು ನಮ್ಮ ಪರಿಚಯದ ಬಲದಿಂದ ಪಡೆಯಬಹುದು. ಕರಾರುಗಳು ಮಾತ್ರ ಬಾಯಿಮಾತಿನಲ್ಲಿರದೆ ಬರಹದಲ್ಲಿರಬೇಕು; ತಿಂಗಳ ವಂತಿಗೆ ಎಲ್ಲರಿಗೂ ಒಂದೇ ಇರಬೇಕು; ಬಿಟ್ಟುಹೋಗುವವರಿಗೆ ದಾರಿ ತೆರೆದಿರಬೇಕು.

ವಾಚಕರು ಮುಂದಿನ ವಾರದ ರಜೆಯ ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಹಾಳೆಯೊಂದನ್ನು ನಡುವೆ ಮಡಿಸಿ, ಎಡಕ್ಕೆ ಜಮೆ ಬಲಕ್ಕೆ ಖರ್ಚು ಬರೆಯಲಿ. ಹೋಟೆಲಿನವರು ಇಂದು ಬಿಟ್ಟಿಯಾಗಿ ದೊರೆಯುವ ಊಟಕ್ಕೂ ಚಾಪೆಗೂ ಬೆಲೆ ಕಟ್ಟಿ ಬಲಗಡೆ ಸೇರಿಸಲಿ. ಊರಿಗೆ ಫೋನು ಮಾಡಿ ಮನೆಯಾಕೆಯನ್ನು ಕೇಳಿ ಅಲ್ಲಿಯ ನಿಜವಾದ ಖರ್ಚನ್ನು ಬರೆದುಕೊಳ್ಳಲಿ. ಹಾಳೆಯ ಕೊನೆಯಲ್ಲಿ ಬರುವ ಕೊರತೆಯ ಅಂಕಿ ಎಷ್ಟೇ ದೊಡ್ಡದಿರಲಿ, ಇಂದು ಅದನ್ನು ನೋಡಿದವನಿಗೆ ಅದನ್ನು ತುಂಬಲು ಒಂದಿಷ್ಟು ವರ್ಷಗಳಿವೆ. ನೋಡದವನಿಗೂ ಆ ಅಂಕಿ ಒಂದು ದಿನ ಎದುರಾಗಿಯೇ ತೀರುತ್ತದೆ. ಆದರೆ ಅಂದು ಕೈಯಲ್ಲಿ ವರ್ಷಗಳು ಉಳಿದಿರುವುದಿಲ್ಲ.